ಸತ್ತ ವಿಷದ ಹೆಣ

ಯುದ್ಧ ಮುಗಿದ ಮೇಲೆ ಉಳಿದ ವಿಷವನ್ನು ಸರಕಾರ ಮನೆಗೊಂದು ಡಬ್ಬಿಯಂತೆ ಹಂಚಿತ್ತು. ಮನೆಯ ಯಜಮಾನನೇ ಅದನ್ನು ಬ್ಲೀಚಿಂಗ್ ನೀರಿನಲ್ಲಿ ಸಾಯಿಸಬೇಕು. ಸತ್ತಿದೆಯೇ ಎಂದು ಗೋಡೆ, ನೆಲ ಒರೆಸಿ ನೋಡುವುದು ನನ್ನ ಕೆಲಸ.

ವಕೀಲ ಪಟ್ಟಾಭಿರಾಮಯ್ಯನವರು ನಾನು ಬರುತ್ತೇನೆಂದು ಬಚ್ಚಲಿಗೆ ಹೊಸ ಸುಣ್ಣ ಹೊಡೆಸಿ, ಹೊಸ್ತಿಲಿಗೆ ರಂಗೋಲಿಯನ್ನೂ ಹಾಕಿಸಿದ್ದರು. ಮೂಲೆಮೂಲೆಯನ್ನೂ ಹತ್ತಿಯಿಂದ ಒರೆಸಿ ಯಂತ್ರಕ್ಕಿಟ್ಟೆ. ಏನೂ ಸಿಗಲಿಲ್ಲ.

"ನೋಡಿದ್ರಾ ಮೇಡಂ? ಒಂಚೂರೂ ವಿಷ ಇಲ್ಲ," ಎಂದು ಮೀಸೆ ತಿರುವಿದರು.

"ವಿಷ ಸತ್ರೆ ಅದರ ಹೆಣ ಉಳಿಯುತ್ತೆ ಸ್ವಾಮಿ. ಎಷ್ಟು ತೊಳೆದ್ರೂ, ಸುಣ್ಣ ಬಳಿದ್ರೂ ಈ ಯಂತ್ರಕ್ಕೆ ಸಿಗುತ್ತೆ. ನಿಮ್ಮಲ್ಲಿ ಹೆಣಾನೇ ಇಲ್ವಲ್ಲ?"

ಹಿತ್ತಲ ಕೋಣೆಯಲ್ಲಿ ಮನೆಗೆಲಸದ ನೀಲಮ್ಮ ಕೆಮ್ಮುತ್ತ ಮಲಗಿದ್ದಳು. ಆ ಕೋಣೆಯೇ ಅವಳ ಮನೆಯಾದ್ದರಿಂದ ಅವಳಿಗೂ ಬೇರೆ ಒಂದು ಡಬ್ಬಿ ಬಂದಿತ್ತು. ಅಲ್ಲಿ ಒರೆಸಿದರೆ ಎರಡು ಡಬ್ಬಿಗಳ ಹೆಣ ಸಿಕ್ಕಿತು.

"ನಮ್ದು ಮಡಿ ಮನೆ. ಅದಕ್ಕೇ ನಮ್ಮ ಡಬ್ಬೀನೂ ಅವಳ ಕೈಲೇ ಮಾಡಿಸ್ದೆ," ಎಂದರು, ಪಾತ್ರೆ ತೊಳೆಸಿದಷ್ಟೇ ಸಲೀಸಾಗಿ.

ಇಂಥ ಮಹಾಶಯರಿಗೆಂದೇ ನನ್ನ ಚೀಲದಲ್ಲಿ ಇನ್ನೊಂದು ಡಬ್ಬಿ ಇರುತ್ತದೆ. ತೆಗೆದು ಅವರ ಮುಂದಿಟ್ಟೆ.

"ತಗೊಳ್ಳಿ, ನಿಮ್ಮ ಪಾಲು. ಈಗ ನನ್ನೆದುರಿಗೇ ಸಾಯಿಸಿ."

ಅವರು ಡಬ್ಬಿಯಿಂದ ದೂರ ಸರಿದು, ಕ್ಷಣವೂ ಯೋಚಿಸದೆ ಕೋಣೆಯ ಕಡೆ ಕೂಗಿದರು: "ನೀಲಮ್ಮಾ, ಬಾರೇ ಇಲ್ಲಿ!"

ಕೆಮ್ಮುತ್ತಲೇ ಅವಳು ಎದ್ದು ಬಂದೂ ಬಿಟ್ಟಳು.