ಒಂದೇ ಪ್ರತಿಯ ಪುಸ್ತಕ

ಬೆಳಗಿನ ಕಾಫಿ ಮುಗಿಸಿ ನಿಧಾನವಾಗಿ ಓದಿ... ಓದದೆ ಫಾರ್ವರ್ಡ್ ಮಾಡಬೇಡಿ.

ತುಮಕೂರಿನ ಒಂದು ಕಾಲೇಜು. ಗ್ರಂಥಾಲಯ ವಿಜ್ಞಾನ ಓದುತ್ತಿದ್ದ ಇಬ್ಬರು ಹುಡುಗಿಯರು... ಇಂಚರಾ ಮತ್ತು ಶಾಂಭವಿ.

ಒಂದೇ ಬೆಂಚು, ಒಂದೇ ಬಸ್ಸು. ಆದರೂ ಶಾಂಭವಿಯನ್ನು ಕಂಡರೆ ಇಂಚರಾಗೆ ಹೊಟ್ಟೆಯೊಳಗೆ ಕೆಂಡ!

ಆ ವರ್ಷ ಮೇಡಂ ಒಂದು ಪ್ರಾಜೆಕ್ಟ್ ಕೊಟ್ಟರು. ಯಾವ ಪುಸ್ತಕ ಯಾವಾಗ ಹೊರಗೆ ಹೋಯಿತು, ಯಾವಾಗ ವಾಪಸ್ ಬಂತು ಎಂಬ ಗ್ರಂಥಾಲಯದ ಡೇಟಾವನ್ನು ‘ಆರ್’ ಎಂಬ ಸಾಫ್ಟ್‌ವೇರ್‌ಗೆ ಹಾಕಿ ವಿಶ್ಲೇಷಣೆ ಮಾಡಬೇಕು.

ಎಲ್ಲರಿಗಿಂತ ಚೆನ್ನಾಗಿ ಮಾಡಿದವರಿಗೆ ಅದೇ ಗ್ರಂಥಾಲಯದಲ್ಲಿ ಕೆಲಸ... ಒಬ್ಬರಿಗೆ ಮಾತ್ರ.

ಇಬ್ಬರಿಗೂ ಆ ಕೆಲಸ ಬೇಕಿತ್ತು.

ಇಂಚರಾ ಕೋಡ್ ಬರೆದರೆ ಎಲ್ಲೋ ಒಂದು ಕಾಮಾ ಬಿಟ್ಟುಹೋಗಿ ಪರದೆಯ ತುಂಬ ಕೆಂಪು ಅಕ್ಷರ. ಪಕ್ಕದಲ್ಲಿ ಶಾಂಭವಿ ಗುಂಡಿ ಒತ್ತಿದರೆ ರಂಗೋಲಿಯಂಥ ಗ್ರಾಫ್!

"ಅಲ್ಲೊಂದು ಬ್ರಾಕೆಟ್ ಮುಚ್ಚಿಲ್ಲ ನೋಡೇ..." ಎಂದು ಶಾಂಭವಿ ಬಗ್ಗಿ ತೋರಿಸಿದರೆ, ಇಂಚರಾ ಸಿಡುಕುತ್ತಿದ್ದಳು.

"ನನ್ ಕಂಪ್ಯೂಟರ್ ನಾನ್ ನೋಡ್ಕೋತೀನಿ. ನೀನು ನಿನ್ ರಂಗೋಲಿ ಹಾಕ್ಕೊ ಹೋಗು!"

ಇದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ಅವರಿಗೆ ಬೇಕಾದ ಪುಸ್ತಕಗಳೆಲ್ಲ ಗ್ರಂಥಾಲಯದಲ್ಲಿ ಒಂದೊಂದೇ ಪ್ರತಿ.

ಇಂಚರಾ ಓಡಿ ಬಂದು ಕೇಳಿದಾಗೆಲ್ಲ ಕೌಂಟರಿನ ರುದ್ರೇಶಣ್ಣ ತಲೆ ಕೆರೆದುಕೊಳ್ಳುತ್ತಿದ್ದರು. "ಅಯ್ಯೋ, ಈಗ್ ತಾನೇ ಶಾಂಭವಿ ತಗೊಂಡು ಹೋದ್ಲಲ್ಲಮ್ಮಾ!"

‘ಎಲ್ಲಾ ಪುಸ್ತಕ ತಾನೇ ಬಚ್ಚಿಟ್ಟುಕೊಂಡರೆ ಯಾರು ಬೇಕಾದರೂ ಫಸ್ಟ್ ಬರಬಹುದು...’ ಇಂಚರಾ ಹಲ್ಲು ಕಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಅವಳಿಗೆ ಒಂದು ಉಪಾಯ ಹೊಳೆಯಿತು.

ಡೇಟಾ ಕೈಯಲ್ಲೇ ಇದೆಯಲ್ಲ! ಒಬ್ಬಳೇ ಹುಡುಗಿ ಎಲ್ಲ ಪುಸ್ತಕಗಳನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತಾಳೆ ಎಂದು ಗ್ರಾಫ್ ಮಾಡಿ ಎಲ್ಲರ ಮುಂದೆ ತೋರಿಸಿದರೆ? ಹೆಸರು ಹೇಳುವುದೇ ಬೇಡ... ಎಲ್ಲರಿಗೂ ಗೊತ್ತಾಗುತ್ತದೆ.

ಡೇಟಾದಲ್ಲಿ ಹೆಸರುಗಳನ್ನು ತೆಗೆದು ಬರೀ ಕಾರ್ಡ್ ನಂಬರ್ ಇಟ್ಟಿದ್ದರು. ಆದರೆ ಶಾಂಭವಿಯ ನಂಬರ್ ಇಂಚರಾಗೆ ಬಾಯಿಪಾಠ. ಹೊಟ್ಟೆಕಿಚ್ಚಿಗೆ ಜ್ಞಾಪಕಶಕ್ತಿ ಬಹಳ...

ಆ ದಿನ ಅವಳ ಕೋಡಿನಲ್ಲಿ ಒಂದು ಕಾಮಾ ಕೂಡ ತಪ್ಪಲಿಲ್ಲ.

ಪುಸ್ತಕ ಎಷ್ಟು ದಿನ ಇಟ್ಟುಕೊಂಡರೋ ಅಷ್ಟುದ್ದದ ಗೆರೆ. ಶಾಂಭವಿಯದು ಕೆಂಪು ಗೆರೆ. ಇಂಚರಾ ಖುಷಿಯಿಂದ ಗುಂಡಿ ಒತ್ತಿದಳು.

ಪರದೆಯ ಮೇಲೆ ಉದ್ದದ ಕೆಂಪು ಗೆರೆ ಒಂದೂ ಇರಲಿಲ್ಲ!

ಇದ್ದದ್ದು ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಕೆಂಪು ಚುಕ್ಕೆಗಳು. ಶಾಂಭವಿ ಒಯ್ದ ಪ್ರತಿ ಪುಸ್ತಕವೂ ಮರುದಿನ ಬೆಳಿಗ್ಗೆಯೇ ವಾಪಸ್ ಬಂದಿತ್ತು.

ಕೋಡ್ ತಪ್ಪಿರಬೇಕು ಎಂದು ಮತ್ತೆ ಒತ್ತಿದಳು. ಅದೇ ಸಾಸಿವೆ.

ಪ್ರತಿ ಚುಕ್ಕೆಯ ಬೆನ್ನಲ್ಲೇ ಒಂದು ಉದ್ದನೆಯ ಗೆರೆ ಶುರುವಾಗುತ್ತಿತ್ತು. ಅಂದರೆ ಆ ಪುಸ್ತಕವನ್ನು ಆಮೇಲೆ ಯಾರೋ ಒಯ್ದು, ವಾಪಸ್ ಕೊಡಬೇಕಾದ ಕೊನೆಯ ದಿನದವರೆಗೂ ಬಿಡದೆ ಇಟ್ಟುಕೊಂಡಿದ್ದರು.

ಯಾರಪ್ಪಾ ಇದು?

ನಂಬರ್ ನೋಡಿದಳು... ಅದು ಅವಳದೇ ಕಾರ್ಡ್.

ಮರುದಿನ ಪುಸ್ತಕ ಸಿಕ್ಕಿದ್ದು ಇಂಚರಾಳ ಮನಸ್ಸಿನಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಸಿಗದೇ ಹೋದ ಆ ಒಂದು ದಿನ ಮಾತ್ರ ನಿಂತಿತ್ತು.

ಅದರಲ್ಲೂ ಒಂದು ಗೆರೆ ಇನ್ನೂ ಮುಗಿದಿರಲಿಲ್ಲ. ಆ ಪುಸ್ತಕ ಈಗಲೂ ಅವಳ ಬ್ಯಾಗಿನಲ್ಲೇ ಇತ್ತು... ಓದಿ ಮುಗಿಸಿ ಎಷ್ಟೋ ದಿನವಾಗಿತ್ತು.

ಸಂಜೆ ಬಸ್ ಸ್ಟಾಪಿನಲ್ಲಿ ಕೇಳಿಯೇಬಿಟ್ಟಳು. "ಯಾಕೆ ಶಾಂಭವಿ, ಒಂದೇ ದಿನಕ್ಕೆ ಪುಸ್ತಕ ವಾಪಸ್ ಕೊಡ್ತಿದ್ದೆ? ನಿಂಗೆ ಬೇಕಿರ್ಲಿಲ್ವಾ?"

"ಬೇಕಿತ್ತು. ಬೇಕಾದ ಪುಟಗಳನ್ನ ಮನೇಲಿ ಕೂತು ಬರ್ಕೊಳ್ತಿದ್ದೆ."

"ನಂಗೆ ಸಿಗ್ಲಿ ಅಂತ ಬೇಗ ಕೊಡ್ತಿದ್ಯಾ? ನನ್ ಮೇಲೆ ಅಷ್ಟೊಂದು ಪ್ರೀತಿನಾ?"

ಶಾಂಭವಿ ನಕ್ಕಳು. "ಪ್ರೀತಿನೂ ಇಲ್ಲ, ಮಣ್ಣೂ ಇಲ್ಲ! ಸೆಮಿನಾರ್‌ನಲ್ಲಿ ನೀನು ಪಟಪಟ ಅಂತ ಮಾತಾಡ್ತೀಯ. ನಂಗೆ ಬಾಯೇ ಬರಲ್ಲ. ನಿನ್ ಕಂಡ್ರೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

ಇಂಚರಾ ತಿರುಗಿ ಅವಳ ಮುಖ ನೋಡಿದಳು.

"ಪುಸ್ತಕ ಮನೇಲಿದ್ರೆ, ‘ಇರ್ಲಿ ಬಿಡು, ಅವಳಿಗೆ ಸಿಗದೇ ಇರ್ಲಿ’ ಅಂತ ಒಂದು ಕೆಟ್ಟ ಬುದ್ಧಿ ಬರ್ತಿತ್ತು ಕಣೇ. ಆ ಬುದ್ಧಿ ಗೆದ್ದುಬಿಟ್ರೆ ಅಂತ ಭಯ ಆಗೋದು... ಅದಕ್ಕೇ ಬೆಳಿಗ್ಗೆ ಲೈಬ್ರರಿ ಬಾಗಿಲು ತೆಗೀತಿದ್ದ ಹಾಗೇ ಕೊಟ್ಟುಬಿಡ್ತಿದ್ದೆ."

ಬಸ್ಸು ಬಂತು. ಇಂಚರಾಳ ಕಣ್ಣು ತುಂಬಿ ಬಸ್ಸಿನ ಬೋರ್ಡೇ ಕಾಣಲಿಲ್ಲ. ಶಾಂಭವಿ ಅವಳಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು.

ಮರುದಿನ ಬೆಳಿಗ್ಗೆ ರುದ್ರೇಶಣ್ಣ ಬೀಗದ ಕೈ ಹಿಡಿದು ಬಂದಾಗ ಬಾಗಿಲಲ್ಲಿ ಇಂಚರಾ ನಿಂತಿದ್ದಳು.

"ಏನಮ್ಮಾ, ಇವತ್ತು ನೀನು? ದಿನಾ ಶಾಂಭವಿ ಅಲ್ವಾ ಇಲ್ಲಿ ನಿಲ್ಲೋದು!"

"ಅವಳೂ ಬರ್ತಾಳಣ್ಣಾ... ಬಂದ್ರೆ ಈ ಪುಸ್ತಕ ಅವಳಿಗೇ ಕೊಡಿ."

ಆ ಗ್ರಾಫನ್ನು ಇಂಚರಾ ಅಳಿಸಿಹಾಕಿ ಪ್ರಾಜೆಕ್ಟನ್ನು ಬೇರೆ ವಿಷಯದ ಮೇಲೆ ಮಾಡಿದಳು. ಕೆಲಸ ಶಾಂಭವಿಗೇ ಸಿಕ್ಕಿತು.

ಇಂಚರಾಗೆ ಹೊಟ್ಟೆ ಉರಿಯಲಿಲ್ಲವೇ? ಉರಿಯಿತು... ಸ್ವಲ್ಪ. ಆದರೆ ಈ ಸಲ ಅದನ್ನು ಶಾಂಭವಿಯ ಹತ್ತಿರವೇ ಹೇಳಿಕೊಂಡಳು.

"ಹಾಗಾದ್ರೆ ಕಾಫಿ ನಂದು, ನಡಿಯೇ" ಎಂದಳು ಶಾಂಭವಿ.

*ಹೊಟ್ಟೆಕಿಚ್ಚು ಯಾರ ಮನಸ್ಸಿಗಾದರೂ ಬರುತ್ತದೆ... ಅದು ಹೇಳಿದಂತೆ ಕೈ ಕೇಳದಿದ್ದರೆ ಸಾಕು.*

ಓದಿ ಮುಗಿಸಿಯೂ ವಾಪಸ್ ಕೊಡದ ಒಂದು ಪುಸ್ತಕ ನಿಮ್ಮ ಮನೆಯಲ್ಲೂ ಇದೆಯೇ? ಅದಕ್ಕಾಗಿ ಈಗ ಯಾರು ಕಾಯುತ್ತಿರಬಹುದು?