ಮೂರು ಚರಣದ ಪಿಟೀಲು

ಗುನ್ವೋರ್ ತನ್ನ ಹಾಡಿಗೆಂದು ಅಣ್ಣ ನುಡಿಸಿ ಕಳಿಸಿದ್ದ ಪಿಟೀಲಿನ ಎರಡನೆಯ ಚರಣದ ತುಣುಕನ್ನು ಕಂಪ್ಯೂಟರ್ ಪರದೆಯ ಮೇಲೆ ಎಳೆದು, ಮೊದಲನೆಯದರ ಕೆಳಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಿಸಿದಳು. ಅದರ ದನಿಯ ಅಲೆಯನ್ನು ತಲೆಕೆಳಗು ಮಾಡಿ ಎರಡನ್ನೂ ಒಟ್ಟಿಗೆ ಕೇಳಿಸಲು ಬಿಟ್ಟಳು. ಬೇರೆ ಬೇರೆ ಸಲ ನುಡಿಸಿದ್ದಾದರೆ ಏನಾದರೂ ಕೇಳಿಸಲೇಬೇಕು; ಒಂದೇ ಆಗಿದ್ದರೆ ಒಂದನ್ನೊಂದು ನುಂಗಿಬಿಡುತ್ತವೆ. ಸ್ಪೀಕರಿನಿಂದ ಸದ್ದೇ ಬರಲಿಲ್ಲ. ಮೂರನೆಯದನ್ನು ಇಟ್ಟು ನೋಡಿದಳು. ಅದೂ ಅಷ್ಟೇ.

ತಾನಿರುವ ಬೆರ್ಗೆನ್ ನಗರಕ್ಕೆ ಬಂದು ನುಡಿಸು ಎಂದು ಎಷ್ಟು ಕರೆದರೂ ಅಣ್ಣ ಓಡ್ವಾರ್ ನೆಪ ಹೇಳಿ ಊರಿನಲ್ಲೇ ಉಳಿದಾಗಲೇ ಅವಳಿಗೆ ಅನುಮಾನ ಬಂದಿತ್ತು. ಫೋನ್ ಮಾಡಿದಳು.

"ಅಣ್ಣ, ಮೂರು ಚರಣಾನೂ ಬೇರೆ ಬೇರೆ ನುಡಿಸಿದೀನಿ ಅಂದ್ಯಲ್ಲ, ನಿಜಾನಾ?"

"ಹೂಂ ಕಣೆ. ಯಾಕೆ, ಚೆನ್ನಾಗಿಲ್ವಾ?"

"ಒಂದನ್ನೇ ಮೂರು ಕಡೆ ಅಂಟಿಸಿದೀಯ. ನನ್ನ ಹಾಡು ಅಂದ್ರೆ ನಿಂಗೆ ಅಷ್ಟು ಸದರಾನಾ?"

ಫೋನಿನ ಆ ಕಡೆ, ಕಾಫಿ ಬಟ್ಟಲನ್ನು ಕೆಳಗಿಡಲು ಹೋದವನ ಕೈಯಲ್ಲಿ ಅದು ತಟ್ಟೆಗೆ ಕಟಕಟನೆ ಬಡಿಯುವ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಆ ಒಂದು ಚರಣಕ್ಕೇ ವಾರಗಟ್ಟಲೆ ಒದ್ದಾಡಿದೀನಿ," ಎಂದ ಓಡ್ವಾರ್. "ಕಮಾನು ಹಿಡಿದ್ರೆ ಕೈ ನಡುಗುತ್ತೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದಾರೆ. ಅಮ್ಮಂಗೆ ಇನ್ನೂ ಹೇಳಿಲ್ಲ." ಆಮೇಲೆ ಕೇಳಿದ, "ಮೂರೂ ಒಂದೇ ಅಂತ ಕೇಳೋರಿಗೆ ಗೊತ್ತಾಗುತ್ತಾ?"

ಗುನ್ವೋರ್ ಅಲೆಗಳನ್ನು ಮತ್ತೆ ನೆಟ್ಟಗೆ ಮಾಡಿ, ತುಣುಕುಗಳನ್ನು ಅವುಗಳ ಜಾಗಕ್ಕೆ ಎಳೆದಳು. ಎರಡನೆಯದನ್ನು ತಾಳಕ್ಕಿಂತ ಒಂದು ಚೂರು ಹಿಂದಕ್ಕೆ ಸರಿಸಿದಳು. ಮೂರನೆಯದನ್ನು ಒಂದು ಚೂರು ಮುಂದಕ್ಕೆ, ಹುಮ್ಮಸ್ಸಿನಲ್ಲಿ ನುಡಿಸುವವರು ಹೋಗುವ ಹಾಗೆ.

"ಇಲ್ಲ ಅಣ್ಣ," ಎಂದಳು. "ಯಾರಿಗೂ ಗೊತ್ತಾಗಲ್ಲ."