ಸೋಮವಾರದ ಬಿಡುವು

"ನನ್ನ ಮೆಣಸಿನಕಾಯಿಗೆ ಸಾಕ್ಷಿನ ಇಲ್ಲಂತಣ್ಣಾ!" ಬ್ಯಾಡಗಿ ಪೇಟೆಯಿಂದ ಬಂದ ಮೈಲವ್ವ ಪ್ರಭುಲಿಂಗಪ್ಪನ ಕಟ್ಟೆಯ ಮೇಲೆ ಕುಸಿದು ಕೂತಳು. "ಹನ್ನೆರಡು ದಿನ ಕಣದಾಗ ಹೊಳ್ಳಿಸಿ ಹೊಳ್ಳಿಸಿ ಒಣಗಿಸೇನಿ. ಖರೀದಿದಾರ ಚೀಲದ ಚೀಟಿಗೆ ಮೊಬೈಲ್ ಹಿಡದ, ಏನೂ ಬರಲಿಲ್ಲ. ನೀರು ಹೊಡದ ಮಾಲು ಅಂದ, ನಾಕು ಮಂದಿ ಮುಂದ. ಹೊಳ್ಳಿ ಹೆಂಗ ಹೊತ್ತು ತರ್ಲಿ? ಬಂದಷ್ಟಕ್ಕ ಕೊಟ್ಟುಬಂದೆ."

ಪ್ರಭುಲಿಂಗಪ್ಪನ ಕಣ್ಣು ಗೋಡೆಯ ಗೂಡಿನಲ್ಲಿದ್ದ ಪೆಟ್ಟಿಗೆಯ ಕಡೆ ಹೋಯಿತು. ಅದರ ಹಸಿರು ದೀಪ ಆರಿತ್ತು.

ಐದು ಊರಿನವರು ಕೂಡಿ ಕಟ್ಟಿಕೊಂಡ ಬ್ಲಾಕ್‌ಚೈನ್ ಎಂಬ ಲೆಕ್ಕದ ಜಾಲದ ಪೆಟ್ಟಿಗೆ ಅದು. ಕಂಪನಿಗೆ ತಿಂಗಳ ಬಾಡಿಗೆ ಕಟ್ಟುವುದು ಆಗದ ಮಾತೆಂದು ಊರಿಗೊಂದು ಸಣ್ಣ ಪೆಟ್ಟಿಗೆ, ಅದಕ್ಕೊಂದು ಸೋಲಾರ್ ಹಲಗೆ, ಒಂದು ಬ್ಯಾಟರಿ ಇಟ್ಟುಕೊಂಡಿದ್ದರು. ಯಾರ ಕಾಯಿ, ಎಷ್ಟು ದಿನ ಒಣಗಿತು ಎಂಬುದು ಐದೂ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ಕಡಿಮೆಯೆಂದರೆ ಮೂರು ಪೆಟ್ಟಿಗೆ ಎಚ್ಚರವಿದ್ದು ಒಂದೇ ಮಾತು ಹೇಳಿದರೆ ಮಾತ್ರ ಅದು ಸಾಕ್ಷಿ.

ಅಷ್ಟರಲ್ಲಿ ಐದೂ ಪೆಟ್ಟಿಗೆಗಳ ಉಸ್ತುವಾರಿ ನೋಡುವ ಭುವನಾ ಸ್ಕೂಟಿಯಿಂದ ಇಳಿದಳು.

"ಅಜ್ಜಾ, ಇವತ್ತ ಮೂರು ಪೆಟಿಗಿ ಮಕ್ಕೊಂಡಾವು. ನಿಮ್ಮದಕ್ಕೇನಾತು? ಬ್ಯಾಟರಿ ಸೋತೈತೇನು?"

"ಇಲ್ಲವಾ. ನಾನ ಆರಿಸೇನಿ." ಅವನ ದನಿ ಇಳಿಯಿತು. "ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ ನಾವು. ಇದೂ ನಮಗ ದುಡೀತೈತಿ, ಒಂದಿನ ದಣಿವಾರಿಸ್ಕೊಳ್ಳಲಿ. ಬ್ಯಾಟರಿನೂ ನಾಕು ದಿನ ಹೆಚ್ಚು ಬಾಳತೈತಿ ಅಂತ…"

"ಪ್ಯಾಟಿ ದಿನಾನ? ಮತ್ತ ಹಿಂಗ ಆರಿಸಿದ ಆ ಎರಡೂರಿನವ್ರಿಗೆ ಯಾರು ಹೇಳಿದ್ರು?"

"ನಾನ. ಹೋದ ವಾರ ಸಂತ್ಯಾಗ ಸಿಕ್ಕಿದ್ರು. ನನ್ನ ಬ್ಯಾಟರಿ ಹೆಂಗ ಐತಿ ನೋಡ್ರಿ ಅಂತ ಜಂಬಾ ಕೊಚ್ಚಿದೆ."

ಭುವನಾ ಮೊಬೈಲ್ ಮುಂದೆ ಹಿಡಿದಳು. ಅವನ ಊರು ಕರ್ಜಗಿಯ ಹೆಸರಿನ ಸಾಲಿನಲ್ಲಿ ಆರು ಸೋಮವಾರ, ಆರು ಕೆಂಪು ಚುಕ್ಕೆ. ಐದು ಸೋಮವಾರ ಅವನ ಪಾಲಿನ ಕಾವಲನ್ನು ಉಳಿದ ನಾಲ್ಕೂರಿನ ಪೆಟ್ಟಿಗೆಗಳು ಕಾದಿದ್ದವು. ಅವನು ಅದನ್ನೇ ತನ್ನ ಜಾಣತನ ಎಂದುಕೊಂಡಿದ್ದ.

"ಇಷ್ಟು ಅಳಿಸಾಕ ಬರೂದಿಲ್ಲೇನವಾ?"

"ಅಳಿಸಬಾರದು ಅಂತ ಗುಡಿಯಾಗ ಎಲ್ಲಾರೂ ಕೂಡಿದಾಗ ಮೊದಲ ಕೈ ಎತ್ತಿದವರು ನೀವ, ಅಜ್ಜಾ."

ಪ್ರಭುಲಿಂಗಪ್ಪ ಹೋಗಿ ಪೆಟ್ಟಿಗೆಯ ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು. ತಿರುಗಿ ಮೈಲವ್ವನ ಮುಖ ನೋಡುವ ಧೈರ್ಯ ಸಾಲದೆ ಗೋಡೆಯ ಕಡೆಗೇ ನಿಂತ. ಅವಳು ಬೈಯಲಿ ಎಂದು ಕಾದ. ಬೈದಿದ್ದರೆ ಎದೆ ಹಗುರಾಗುತ್ತಿತ್ತು.

ಮೈಲವ್ವ ಎದ್ದಳು. ಸೆರಗಿಗೆ ಅಂಟಿದ್ದ ಮೆಣಸಿನ ಬೀಜ ಕೊಡವಿಕೊಂಡು, ಮುಳುಗುತ್ತಿದ್ದ ಸೂರ್ಯನ ಕಡೆ ಕೈ ಮಾಡಿದಳು.

"ನನ್ನ ಕಾಯಿ ಕಣದಾಗಿದ್ದಾಗ ಎರಡು ಸೋಮವಾರ ಬಂದುವಣ್ಣಾ. ಪುಣ್ಯಾಕ್ಕ ಅಂವಾ ನಿನ್ನ ಮಾತು ಕೇಳಿರಲಿಲ್ಲ."